ಪಕ್ಕದ ಸೀಟಿನ ತೂಕ

ಕಾರುಗಳ ಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳಿಗೂ ಒಳಗೊಳಗೇ ಅದು ಇಷ್ಟವಾಗಿತ್ತು. ಒಂದೇ ಕಾರನ್ನು ಕೊಟ್ಟು ಹೇಗಿದೆ ಎಂದು ಕೇಳಿದರೆ ಅವಳು ಮುಖ ಗಂಟಿಕ್ಕುತ್ತಿದ್ದಳು. "ಯಾವುದಕ್ಕೆ ಹೋಲಿಸಿ ಹೇಳ್ಬೇಕು?" ಎನ್ನುತ್ತಿದ್ದಳು. ಎರಡು ಮೂರು ಕಾರುಗಳನ್ನು ಸಾಲಾಗಿ ನಿಲ್ಲಿಸಿದರೆ ಮಾತ್ರ ಕಣ್ಣಲ್ಲಿ ಬೆಳಕು ಬರುತ್ತಿತ್ತು.

ಈ ಸಲ ಸಾಲಾಗಿ ನಿಂತಿದ್ದವು ಮೂರು. ಒಂದು ಬೆಳ್ಳಿ ಬಣ್ಣದ್ದು, ಒಂದು ಹಸಿರು. ಎರಡೂ ಹೆಸರುವಾಸಿ ಮನೆತನದವು, ಬೆಲೆ ಕೇಳಿದರೆ ಕೂತಲ್ಲೇ ಬೆವರುವಂಥವು. ಮೂರನೆಯದು ಬೂದು ಬಣ್ಣದ್ದು. ಅದರ ಹಳೆಯ ರೂಪವನ್ನು ಜನ ಬಡವರ ಸ್ಪೋರ್ಟ್ಸ್ ಕಾರು ಎಂದು ಆಡಿಕೊಳ್ಳುತ್ತಿದ್ದರು. ಕಂಪನಿಯವರು ಅವಮಾನ ನುಂಗಿಕೊಂಡು ನಾಲ್ಕಾರು ವರ್ಷ ಕೂತು ಹೊಸದಾಗಿ ತಿದ್ದಿ ತೀಡಿ ತಂದಿದ್ದರು. ಚಾವಣಿ ತಗ್ಗಿತ್ತು, ಸೊಂಟ ಅಗಲವಾಗಿತ್ತು, ಒಳಗೆ ಎರಡೇ ಸೀಟು. ಆ ಎರಡು ಸೀಟುಗಳ ಬಗ್ಗೆಯೇ ಕಂಪನಿಯವರಿಗೆ ಬಲು ಹೆಮ್ಮೆ. ಒಮ್ಮೆ ಕೂತವರನ್ನು ತೂಕದ ಮೇಲೆ ಗುರುತಿಟ್ಟುಕೊಂಡು, ಮುಂದಿನ ಸಲ ಅವರು ಕೂತ ತಕ್ಷಣ ಅವರಿಗೆ ಬೇಕಾದಂತೆ ಸೀಟು ತಾನೇ ಸರಿದುಕೊಳ್ಳುತ್ತದಂತೆ. ಇಕ್ಕಟ್ಟಾದ ಜಾಗದಲ್ಲಿ ನಿಲ್ಲಿಸಿದರೆ ಒಳಗೆ ಡ್ರೈವರ್ ಇಲ್ಲದೆಯೂ ಮೆಲ್ಲಗೆ ಹೊರಗೆ ಬಂದು ನಿಲ್ಲುತ್ತದಂತೆ. ದುಬಾರಿ ಕಾರುಗಳಲ್ಲೂ ಇಲ್ಲದ ಸೌಕರ್ಯ ಎಂದು ಕೊಚ್ಚಿಕೊಂಡಿದ್ದರು.

ತಕ್ಕಡಿಯ ಕೆಲಸಕ್ಕೆ ಒಂದು ಪದ್ಧತಿಯಿತ್ತು. ಅದೇ ರಸ್ತೆ, ಅಷ್ಟೇ ಪೆಟ್ರೋಲು, ಟಯರಿನಲ್ಲಿ ಅಷ್ಟೇ ಗಾಳಿ, ಪಕ್ಕದ ಸೀಟಿನಲ್ಲಿ ಅಷ್ಟೇ ತೂಕ. ಆ ತೂಕ ಅವಳ ಅಣ್ಣ. ಅಣ್ಣನಿಗೆ ಕಾರೆಂದರೆ ಪ್ರಾಣ, ಆದರೆ ಹರೆಯದಲ್ಲೇ ಮೂರ್ಛೆ ರೋಗ ಅಂಟಿಕೊಂಡು, ಡಾಕ್ಟರು ಸ್ಟಿಯರಿಂಗ್ ಮುಟ್ಟಕೂಡದು ಎಂದು ಕಡ್ಡಿ ತುಂಡಾದಂತೆ ಹೇಳಿಬಿಟ್ಟಿದ್ದರು. ಹಾಗಾಗಿ ತಂಗಿ ಓಡಿಸಿದಳು, ಅವನು ಪಕ್ಕದಲ್ಲಿ ಕೂತ. ಸುಮ್ಮನೆ ಕೂತದ್ದಲ್ಲ. ತಿರುವಿನಲ್ಲಿ ಎಲ್ಲರೂ ಹೊರಗೆ ವಾಲಿದರೆ ಅವನು ಒಳಕ್ಕೆ ವಾಲುತ್ತಿದ್ದ, ಸೈಕಲ್ಲಿನ ಮೇಲೆ ಕೂತವನ ಹಾಗೆ. ಅವಳು ಅತಿ ಮಾಡಿದಾಗ ಒಂದೇ ಮಾತು ಹೇಳುತ್ತಿದ್ದ: "ಸಾಕು." ಅವನು ಸಾಕು ಎಂದರೆ ಅವಳ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತಿತ್ತು. ಆ ಮಾತನ್ನು ಅವಳು ಒಂದು ಸಲವೂ ಮೀರಿದ್ದಿಲ್ಲ.

ಕಳೆದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಮತ್ತೆ ಏಳಲಿಲ್ಲ.

ಅಳುವುದೆಲ್ಲ ಮುಗಿದ ಮೇಲೆ ತಕ್ಕಡಿಯನ್ನು ಕಾಡಿದ್ದು, ನಗಬೇಡಿ, ತೂಕದ ಚಿಂತೆ. ಅವಳು ಬರೆದ ಅಷ್ಟೂ ಹೋಲಿಕೆಗಳು ಅಣ್ಣನ ತೂಕ ಸೇರಿಸಿ ಮಾಡಿದವು. ಈಗ ಪಕ್ಕದ ಸೀಟು ಖಾಲಿ ಬಿಟ್ಟರೆ ಹಳೆಯ ಕಾರಿಗೂ ಹೊಸ ಕಾರಿಗೂ ಲೆಕ್ಕ ಕೂಡುವುದಿಲ್ಲ. ಬೇರೆ ಯಾರನ್ನಾದರೂ ಕೂರಿಸಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಮರಳು ತುಂಬಿದ ಚೀಲವೇ ಸರಿ ಎಂದು ತೀರ್ಮಾನಿಸಿ, ಹೊಲಿಗೆಯಲ್ಲಿ ಎತ್ತಿದ ಕೈಯಾದ ಅತ್ತಿಗೆಗೆ ಹೇಳಿದಳು. "ಅಣ್ಣನಷ್ಟು ಭಾರ ತಡೆಯೋ ಹಾಗೆ ಒಂದು ಚೀಲ ಹೊಲಿದುಕೊಡ್ತೀರಾ ಅತ್ತಿಗೆ?"

ಅತ್ತಿಗೆ ಒಳಗೆ ಹೋದಳು. ಅಣ್ಣನ ದಪ್ಪ ಕೋಟನ್ನೇ ಬಿಚ್ಚಿ ಹೊಲಿದಳು. ಚೀಲ ಹೊಲಿಯಿರಿ ಎಂದರೆ ಅವಳು ಮನುಷ್ಯನನ್ನೇ ಹೊಲಿದು ಇಟ್ಟಿದ್ದಳು. ಎರಡು ಭುಜಗಳಿದ್ದವು. ಎಡಭುಜ ಚೂರು ತಗ್ಗು, ಅವನದೂ ಹಾಗೇ ಇತ್ತು. ಅದನ್ನು ನೋಡಿದೊಡನೆಯೇ ತಕ್ಕಡಿ ಬೇಡ ಎನ್ನಬೇಕಿತ್ತು, ಅನ್ನಲಿಲ್ಲ. ತೂಕ ಸರಿಯಿತ್ತಲ್ಲ, ಅವಳಿಗೆ ಅಷ್ಟೇ ಸಾಕಾಗಿತ್ತು.

ಅಂದಿನಿಂದ ಪ್ರತಿ ಪರೀಕ್ಷೆ ಮುಗಿಸಿ ಮನೆಗೆ ಬಂದಾಗ ಅತ್ತಿಗೆ ಬಾಗಿಲಲ್ಲೇ ಕೇಳುತ್ತಿದ್ದಳು: "ಇವತ್ತು ಹೇಗೆ ಕೂತಿದ್ರು?"

"ಚೀಲ ಅತ್ತಿಗೆ ಅದು. ಚೀಲದ ಹಾಗೇ ಕೂತಿತ್ತು."

"ಹ್ಞೂಂ," ಎಂದು ಅತ್ತಿಗೆ ಒಳಗೆ ಹೋಗುತ್ತಿದ್ದಳು. ದಿನವಿಡೀ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದವಳು ಆ ಒಂದು ಪ್ರಶ್ನೆಗೆ ಮಾತ್ರ ಬಾಯಿ ತೆರೆಯುತ್ತಿದ್ದಳು. ಊಟ ಅರ್ಧಕ್ಕೆ ಬಿಡುತ್ತಿದ್ದಳು, ಬಳೆ ಮೊಣಕೈವರೆಗೆ ಸರಿಯುವಷ್ಟು ಸೊರಗಿದ್ದಳು. ತಕ್ಕಡಿಗೆ ಇನ್ನು ಉಳಿದಿದ್ದವಳು ಅವಳೊಬ್ಬಳೇ. ಅಣ್ಣ ಹೋದ, ಇವಳೂ ಹೀಗೆ ಕೈಬಿಟ್ಟು ಹೋದರೆ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಪರೀಕ್ಷೆ ನಡೆಯುವುದು ಊರಾಚೆಯ ಹಳೆಯ ರನ್‌ವೇಯಲ್ಲಿ. ಅಲ್ಲಿ ವಿಮಾನ ಇಳಿಯುವುದು ನಿಂತು ಎಷ್ಟೋ ಕಾಲವಾಗಿತ್ತು. ಸಿಮೆಂಟಿನ ಬಿರುಕುಗಳಲ್ಲಿ ಹುಲ್ಲು ಮೊಳಕಾಲೆತ್ತರ ಬೆಳೆದಿತ್ತು. ಒಂದು ಸುತ್ತು ಹೊಡೆಯಲು ಬಳಸುದಾರಿಯಿತ್ತು, ಅದರ ತುಂಬ ತಿರುವುಗಳು. ರನ್‌ವೇಯ ತುದಿಯಲ್ಲಿ ಆಳದ ಕಾಂಕ್ರೀಟ್ ಚರಂಡಿ. ಅಣ್ಣ ಎಲ್ಲಕ್ಕಿಂತ ಹೆಚ್ಚು ಸಲ ಸಾಕು ಎನ್ನುತ್ತಿದ್ದದ್ದು ಆ ಚರಂಡಿ ಕಂಡಾಗಲೇ.

ಮೊದಲು ಬೆಳ್ಳಿ ಕಾರು. ಪತ್ರಿಕೆಯ ಕ್ಯಾಮೆರಾದವನು ಮುಂದಿನ ಗಾಜಿಗೆ ಸಣ್ಣ ಕ್ಯಾಮೆರಾ ಅಂಟಿಸಿ, ಚೀಲವನ್ನು ಹೊತ್ತು ತಂದು ಕೂರಿಸಿ, ಬೆಲ್ಟ್ ಹಾಕಿ, "ಸಾರ್‌ಗೆ ಆರಾಮಾಯ್ತಾ?" ಎಂದು ಹಲ್ಲು ಕಿರಿದ. ಕಾರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಓಡಿತು. ತಿರುವುಗಳಲ್ಲಿ ಚೀಲ ಹೊರಕ್ಕೆ ವಾಲಿ ಬಾಗಿಲಿಗೆ ಬಡಿಯಿತು. ಹಸಿರು ಕಾರು ಇನ್ನೂ ಚುರುಕು, ಆದರೆ ಸದ್ದು ಹೆಚ್ಚು, ಬೆನ್ನಿಗೆ ಕನಿಕರವಿಲ್ಲ. ಅಲ್ಲೂ ಚೀಲ ಚೀಲವೇ.

ಆಮೇಲೆ ಬೂದು ಕಾರು.

ಚೀಲ ಕೂರಿಸಿ ಬಾಗಿಲು ಹಾಕಿದೊಡನೆ ಪಕ್ಕದ ಸೀಟು ಗುಂಯ್ ಎಂದು ಹಿಂದೆ ಸರಿಯಿತು. ಪೂರ್ತಿ ತುದಿಯವರೆಗೆ ಹೋಗಿ, ಬೆನ್ನಿನ ಭಾಗ ಸ್ವಲ್ಪ ಒರಗಿ ನಿಂತಿತು. ಅಣ್ಣ ಉದ್ದಕಾಲಿನವನು. ಯಾವ ಕಾರಿಗೆ ಹತ್ತಿದರೂ ಮೊದಲು ಮಾಡುತ್ತಿದ್ದ ಕೆಲಸ ಅದೇ.

"ಅಯ್ಯೋ, ಇದಕ್ಕೆ ಮೊದಲೇ ಪರಿಚಯ ಇದೆಯಲ್ಲ!" ಎಂದ ಕ್ಯಾಮೆರಾದವನು.

"ಕಂಪನಿಯವರು ಇಷ್ಟೇ ತೂಕದವರನ್ನ ಕೂರಿಸಿ ಪರೀಕ್ಷೆ ಮಾಡಿರ್ತಾರೆ," ಎಂದಳು ತಕ್ಕಡಿ.

ಕಾರು ಹೊರಟಿತು. ಮೊದಲ ತಿರುವಿನಲ್ಲೇ ಅವಳಿಗೆ ಗೊತ್ತಾಯಿತು. ಬಾಗಿಲಿಗೆ ಬಡಿಯುವ ಸದ್ದಿಲ್ಲ. ಕಣ್ಣಂಚಿನಲ್ಲಿ ಕೋಟಿನ ಭುಜ ಅವಳ ಕಡೆಗೆ ಬಂತು, ತಿರುವು ಮುಗಿದಾಗ ನೆಟ್ಟಗಾಯಿತು. ಮುಂದಿನ ತಿರುವು ಆ ಕಡೆಗಿತ್ತು, ಭುಜ ಆ ಕಡೆಗೆ ಹೋಯಿತು. ಅವಳು ತಲೆ ತಿರುಗಿಸಿ ನೋಡಲಿಲ್ಲ. ಆ ವೇಗದಲ್ಲಿ ನೋಡುವ ಹಾಗೂ ಇರಲಿಲ್ಲ, ನೋಡುವ ಧೈರ್ಯವೂ ಇರಲಿಲ್ಲ. ಆದರೆ ಕಾರು, ಏನು ಹೇಳುವುದು, ಹೂವಿನ ಹಾಗೆ ತಿರುಗುತ್ತಿತ್ತು. ವರ್ಷದಿಂದ ಯಾವ ಕಾರೂ ಅವಳ ಕೈಗೆ ಹಾಗೆ ಒದಗಿರಲಿಲ್ಲ. ಹೆದರಿಕೆಯ ನಡುವೆಯೂ ಅವಳಿಗೆ ಸುಖವಾಯಿತು. ಅದಕ್ಕೆ ಆಮೇಲೆ ನಾಚಿಕೆಯೂ ಆಯಿತು.

ಸುತ್ತು ಮುಗಿದಾಗ ಬೂದು ಕಾರು ಹಸಿರಿಗಿಂತಲೂ ಕೂದಲೆಳೆಯಷ್ಟು ಮುಂದಿತ್ತು. ಸಂಪಾದಕರಿಗೆ ಫೋನಿನಲ್ಲೇ ಹಬ್ಬ. "ಅರ್ಧ ಬೆಲೆಯ ಕಾರು ಎರಡನ್ನೂ ಹೊಡೆದು ಹಾಕ್ತಾ? ಮುಖಪುಟಕ್ಕೆ ಅದೇ ಹಾಕೋಣ."

"ಒಂದು ದಿನ ತಡೀರಿ ಸಾರ್," ಎಂದಳು ಅವಳು. ಗೆದ್ದದ್ದು ಕಾರೋ, ಪಕ್ಕದಲ್ಲಿ ಕೂತವನೋ ಎಂದು ಸಂಪಾದಕರ ಮುಂದೆ ಹೇಗೆ ಹೇಳುವುದು?

ಮನೆಯಲ್ಲಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾರಿನೊಳಗಿನ ಕ್ಯಾಮೆರಾದ ವಿಡಿಯೋಗಳನ್ನು ನೋಡುತ್ತ ಕೂತಳು. ಬೆಳ್ಳಿ ಕಾರಿನಲ್ಲಿ ಹೊರಕ್ಕೆ, ಹಸಿರಿನಲ್ಲಿ ಹೊರಕ್ಕೆ. ಬೂದಿನಲ್ಲಿ ಒಳಕ್ಕೆ, ಪ್ರತಿ ತಿರುವಿನಲ್ಲೂ ಒಳಕ್ಕೆ. ಬೆನ್ನ ಹಿಂದೆ ಅತ್ತಿಗೆ ಬಂದು ನಿಂತದ್ದು ಅವಳಿಗೆ ತಿಳಿಯಲಿಲ್ಲ.

"ಇನ್ನೊಂದು ಸಲ ಹಾಕು."

ತಕ್ಕಡಿ ಪರದೆಯತ್ತ ಕೈ ಚಾಚಿದಳು. ಮುಚ್ಚಲು ಹೋದ ಕೈಯನ್ನು ಅತ್ತಿಗೆ ಹಿಡಿದಳು. ನೋಡಿದಳು. ಮತ್ತೆ ನೋಡಿದಳು. ಆಮೇಲೆ ಪಾತ್ರೆಯಲ್ಲಿ ಉಳಿದಿದ್ದ ಅನ್ನವನ್ನೆಲ್ಲ ಬಡಿಸಿಕೊಂಡು ಕೂತು, ಎಷ್ಟೋ ತಿಂಗಳಿಂದ ಹಸಿದವಳ ಹಾಗೆ ಉಂಡಳು.

"ನಾಳೆ ನಾನೂ ಬರ್ತೀನಿ," ಎಂದಳು ಕೈ ತೊಳೆದುಕೊಂಡು. "ನಾನೊಂದು ಸಲ ಆ ಕಾರಲ್ಲಿ ಕೂರ್ಬೇಕು."

"ಬೇಡ ಅತ್ತಿಗೆ. ಅದರಲ್ಲಿ ಏನೋ ಸರಿಯಿಲ್ಲ."

"ಮದುವೆಯಾದ ಹೊಸದರಲ್ಲಿ ಹೇಳಿದ್ರು, ಒಂದು ದಿನ ನಿನ್ನ ಪಕ್ಕ ಕೂರಿಸ್ಕೊಂಡು ನಾನೇ ಓಡಿಸ್ತೀನಿ ಅಂತ. ಆಗೋ ಮಾತಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದ್ರೂ ಹೇಳಿದ್ರು. ಜನ್ಮವೆಲ್ಲ ಅವರು ಕೂತಿದ್ದು ನಿನ್ನ ಪಕ್ಕ." ಅತ್ತಿಗೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಕ್ಕಡಿಗೆ ಸಮಾಧಾನವಾಗುತ್ತಿತ್ತೇನೋ. "ನಾನು ಬಾಗಿಲಲ್ಲಿ ನಿಂತು ಇಬ್ಬರಿಗೂ ಟಾಟಾ ಮಾಡ್ತಿದ್ದೆ ಅಷ್ಟೆ."

ಹೋಲಿಸಿ ನೋಡುವುದೇ ಕಸುಬಾದವಳು ಅಣ್ಣನ ದಿನಗಳಲ್ಲಿ ತನಗೆಷ್ಟು, ಅತ್ತಿಗೆಗೆಷ್ಟು ಎಂದು ಒಂದು ಸಲವೂ ತೂಗಿ ನೋಡಿರಲಿಲ್ಲ.

ಮರುದಿನ ಮಧ್ಯಾಹ್ನ ಇಬ್ಬರೂ ರನ್‌ವೇಗೆ ಹೋದರು. ಮೂರೂ ಕಾರುಗಳು ಹಿಂದಿನ ದಿನದಿಂದ ಅಲ್ಲೇ ನಿಂತಿದ್ದವು, ಬೂದಿನಲ್ಲಿ ಚೀಲವೂ ಕೂತೇ ಇತ್ತು. ಕ್ಯಾಮೆರಾದವನಿಗೆ ಬೇರೆ ಕೆಲಸವಿತ್ತು. ಬಿಸಿಲು ಚೆನ್ನಾಗಿ ಬಿದ್ದಿತ್ತು, ಹೆದರುವಂಥ ಹೊತ್ತೂ ಅಲ್ಲ, ಜಾಗವೂ ಅಲ್ಲ. ಗಾಳಿ ಮಾತ್ರ ಇರಲಿಲ್ಲ. ಹುಲ್ಲು ಅಲ್ಲಾಡದೆ ನಿಂತಿತ್ತು.

ತಕ್ಕಡಿ ಉಸಿರು ಕಟ್ಟಿ ಚೀಲವನ್ನು ಕಾರಿನಿಂದ ಹೊರಗೆಳೆದು ಸಿಮೆಂಟಿನ ಮೇಲೆ ಕೂರಿಸಿದಳು. ಅದು ಮೆಲ್ಲಗೆ ಮುಂದಕ್ಕೆ ಬಾಗಿ ಮಕಾಡೆ ಬಿತ್ತು. ಕಾರಿನ ಒಳಗೆ ಟಿಣ್ ಟಿಣ್ ಎಂಬ ಸದ್ದು ಶುರುವಾಯಿತು. ಬೆಲ್ಟ್ ಹಾಕಿಕೊಳ್ಳದೆ ಯಾರಾದರೂ ಕೂತರೆ ಬರುವ ಸದ್ದು. ಪಕ್ಕದ ಸೀಟು ಖಾಲಿಯಿತ್ತು, ಮುಂದಿನ ಪರದೆಯಲ್ಲಿ ಆ ಸೀಟಿನ ಮೇಲೆ ಪುಟ್ಟ ಮನುಷ್ಯಾಕೃತಿ ಕೆಂಪಗೆ ಹೊಳೆಯುತ್ತಿತ್ತು.

"ಯಾರೋ ಇದ್ದಾರೆ ಅಂತಿದೆ," ಎಂದಳು ಅತ್ತಿಗೆ, ತೀರಾ ಸಾಮಾನ್ಯ ದನಿಯಲ್ಲಿ. ನಂತರ ಕಾರಿನ ಒಳಗೆ ಬಗ್ಗಿ, ಮನೆಯಲ್ಲಿ ಹೇಳುತ್ತಿದ್ದಂತೆಯೇ ಹೇಳಿದಳು: "ಸ್ವಲ್ಪ ಸರೀರಿ, ನಾನು ಕೂರ್ಬೇಕು."

ಟಿಣ್ ಟಿಣ್ ನಿಂತಿತು. ಕೆಂಪು ಆಕೃತಿ ಆರಿತು.

ತಕ್ಕಡಿ ಬೇಡ ಎನ್ನುವಷ್ಟರಲ್ಲಿ ಅತ್ತಿಗೆ ಸೆರಗು ಒಳಗೆಳೆದುಕೊಂಡು ಕೂತು ಬಾಗಿಲು ಹಾಕಿಕೊಂಡಿದ್ದಳು, ಬೆಲ್ಟನ್ನೂ ಹಾಕಿಕೊಂಡಳು. ತಕ್ಕಡಿ ಕಾರನ್ನು ಬಳಸಿ ಓಡಿ ಬಂದು ತನ್ನ ಕಡೆಯ ಬಾಗಿಲ ಹಿಡಿಗೆ ಕೈ ಹಾಕಿದಳು. ಗಾಜಿನಾಚೆ ಅವಳ ಸೀಟು, ಗಿಡ್ಡಗಿರುವ ಅವಳಿಗಾಗಿ ಪೂರ್ತಿ ಮುಂದಿದ್ದ ಸೀಟು, ಗುಂಯ್ ಎಂದು ಹಿಂದೆ ಸರಿಯತೊಡಗಿತು. ತುದಿಯವರೆಗೆ ಹೋಯಿತು. ಬೆನ್ನು ಸ್ವಲ್ಪ ಒರಗಿತು. ಕನ್ನಡಿಗಳೆರಡೂ ತಲೆಯೆತ್ತಿ ಎತ್ತರದವನೊಬ್ಬನ ಕಣ್ಣಿಗೆ ಸರಿಯಾಗಿ ನಿಂತವು. ಬಾಗಿಲಿಗೆ ಕಟಕ್ಕೆಂದು ಒಳಗಿನಿಂದ ಬೀಗ ಬಿದ್ದಿತು.

"ಅತ್ತಿಗೆ! ಬಾಗಿಲು ತೆಗೀರಿ! ಇಳೀರಿ!"

ಅತ್ತಿಗೆ ಇವಳ ಕಡೆ ನೋಡಲಿಲ್ಲ. ಖಾಲಿ ಸೀಟಿನ ಕಡೆ ತಿರುಗಿ ಏನೋ ಹೇಳಿ ನಕ್ಕಳು. ಅವಳು ನಕ್ಕದ್ದನ್ನು ತಕ್ಕಡಿ ನೋಡಿ ವರ್ಷವಾಗಿತ್ತು.

ಕಾರು ಹೊರಟಿತು. ಮೊದಲು ಮೆಲ್ಲಗೆ, ಕಂಪನಿಯವರು ಹೇಳಿದಂತೆ ಇಕ್ಕಟ್ಟಿನಿಂದ ಹೊರಬರುವಷ್ಟೇ ಮೆಲ್ಲಗೆ. ತಕ್ಕಡಿ ಪಕ್ಕದಲ್ಲೇ ಹೆಜ್ಜೆ ಹಾಕಿದಳು, ಆಮೇಲೆ ಓಡಿದಳು, ಆಮೇಲೆ ಕೈ ಜಾರಿತು. ರನ್‌ವೇಯ ಉದ್ದಕ್ಕೂ ಕಾರು ನೇರವಾಗಿ, ಅಂದವಾಗಿ, ಕಲಿತ ಕೈಯ ಹಾಗೆ ಹೋಗುತ್ತಿತ್ತು. ಎಷ್ಟು ಚೆನ್ನಾಗಿ ಓಡಿಸುತ್ತಾನೆ ಎಂಬ ಮಾತು, ಅಂಥ ಹೊತ್ತಿನಲ್ಲೂ, ಅವಳ ಮನಸ್ಸಿಗೆ ಬಂದೇ ಬಂತು.

ಅರ್ಧ ದಾರಿಯಲ್ಲಿ ಕಾರು ಬಲಕ್ಕೆ ಒಮ್ಮೆ ಜಗ್ಗಿತು. ಸರಿಯಾಯಿತು. ಮತ್ತೊಮ್ಮೆ ಜಗ್ಗಿತು.

ಮೂರ್ಛೆ ಬರುವ ಮುನ್ನ ಅಣ್ಣನ ಬಲಗೈ ಹೀಗೇ ಎರಡು ಸಲ ಜಗ್ಗುತ್ತಿತ್ತು. ಚಿಕ್ಕಂದಿನಿಂದ ಅದನ್ನು ನೋಡಿ ನೋಡಿ, ಕೈ ಜಗ್ಗಿದೊಡನೆ ಓಡಿಹೋಗಿ ತಲೆಗೆ ದಿಂಬು ಕೊಡುತ್ತಿದ್ದವಳು ಅವಳು. ಇನ್ನು ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎದುರಿಗೆ ಚರಂಡಿ ಬಾಯ್ದೆರೆದುಕೊಂಡಿತ್ತು, ಕಾರಿನೊಳಗೆ ಅತ್ತಿಗೆ.

ಕಾಲು ಓಡಿ ಮುಟ್ಟುವ ದೂರವಲ್ಲ ಅದು. ಅವಳು ನಿಂತಲ್ಲೇ ನಿಂತು, ಹೊಟ್ಟೆಯ ಆಳದಿಂದ, ಇಷ್ಟು ವರ್ಷ ತಾನು ಕೇಳಿಸಿಕೊಂಡಿದ್ದ ಆ ಮಾತನ್ನು ತಾನೇ ಕೂಗಿದಳು.

"ಅಣ್ಣಾ, ಸಾಕು!"

ಟಯರುಗಳು ಚೀರಿದವು. ಕಾರು ಮೂತಿ ತಗ್ಗಿಸಿ, ಚರಂಡಿಯ ಅಂಚಿಗೆ ಒಂದು ಮಾರು ಇರುವಾಗ ನಿಂತಿತು.

ಅವಳು ಹತ್ತಿರ ಹೋಗುವಷ್ಟರಲ್ಲಿ ಬೀಗ ತೆರೆದಿತ್ತು. ಅವಳ ಕಣ್ಣೆದುರೇ ಡ್ರೈವರ್ ಸೀಟು ಮುಂದೆ ಸರಿಯಿತು, ಈ ಸಲ ಮೆಲ್ಲಗೆ, ಅರ್ಧದಲ್ಲಿ ಒಮ್ಮೆ ನಿಂತು, ಮತ್ತೆ ಸರಿದು, ಅವಳ ಗಿಡ್ಡ ಕಾಲುಗಳಿಗೆ ಸರಿಯಾಗಿ ಬಂದು ನಿಂತಿತು. ಮುಟ್ಟಿದರೆ ಬೆಚ್ಚಗಿತ್ತು. ಬಿಸಿಲಿರಬಹುದು.

ಅತ್ತಿಗೆ ಕೂತೇ ಇದ್ದಳು. ಏಟಾಗಿರಲಿಲ್ಲ. ಕೆನ್ನೆ ಒದ್ದೆಯಾಗಿತ್ತು.

"ಅತ್ತಿಗೆ, ಏನಾದ್ರೂ ಆಯ್ತಾ? ನೀವು ಹೋಗಿಬಿಡ್ತೀರ ಅಂತ... ನನಗೆ ಇನ್ಯಾರಿದ್ದಾರೆ ಹೇಳಿ!" ತಕ್ಕಡಿ ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತಳು.

ಅತ್ತಿಗೆ ಬೆಲ್ಟ್ ಬಿಚ್ಚಲಿಲ್ಲ. ಕೂತಲ್ಲಿಂದಲೇ ಹೇಳಿದಳು:

"ನಾನು ಎಷ್ಟು ಸಲ ಮೆಲ್ಲಗೆ ಹೋಗಿ ಅಂದೆ. ಕೇಳಲಿಲ್ಲ. ನೀನು ಒಂದು ಸಲ ಕೂಗಿದ್ದಕ್ಕೆ ನಿಲ್ಲಿಸಿದ್ರು ನೋಡು." ಕಣ್ಣೊರೆಸಿಕೊಂಡಳು. "ಈಗಲೂ ನಿನ್ನ ಮಾತೇ ಕೇಳೋದು."

ಚರಂಡಿಗೆ ಬಿದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ ಎನಿಸಿತು ತಕ್ಕಡಿಗೆ. ಎದ್ದು ಡ್ರೈವರ್ ಸೀಟಿನಲ್ಲಿ ಕೂತಳು. ಕಾರನ್ನು ಹಿಂದೆ ತೆಗೆದು, ಬಳಸುದಾರಿಗೆ ಇಳಿಸಿದಳು. ಪರೀಕ್ಷೆಗಲ್ಲ, ಸುಮ್ಮನೆ. ಮೊದಲ ತಿರುವಿನಲ್ಲಿ ಅತ್ತಿಗೆ ಬಾಗಿಲಿಗೆ ಬಿದ್ದಳು. ಎರಡನೆಯದರಲ್ಲೂ ಬಿದ್ದಳು.

"ಒಳಕ್ಕೆ ವಾಲ್ಬೇಕು ಅತ್ತಿಗೆ. ತಿರುವು ಎತ್ತ ಹೋಗುತ್ತೋ ಅತ್ತ."

"ಹೀಗಾ?"

"ಹ್ಞಾಂ, ಹಾಗೆ. ಅಣ್ಣ ಹಾಗೇ ಕೂರ್ತಿದ್ದ."

ಕತ್ತಲಾಗುವ ಮುಂಚೆ ಅತ್ತಿಗೆಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮೂರೂ ಕಾರುಗಳನ್ನು ಮತ್ತೆ ಓಡಿಸಿ ನೋಡಿದಳು. ಹಳೆಯ ಲೆಕ್ಕಗಳಿಗೆ ಇನ್ನು ತಾಳೆಯಾಗುವುದಿಲ್ಲ, ಆಗದಿದ್ದರೆ ಬಿಡಲಿ. ಹಸಿರು ಮೊದಲು, ಬೆಳ್ಳಿ ಎರಡನೆಯದು, ಬೂದು ಮೂರನೆಯದು, ಆದರೂ ಆ ಬೆಲೆಗೆ ಮೋಸವಿಲ್ಲ. ಹಾಗೆಯೇ ಬರೆದು ಕಳಿಸಿದಳು. ಮುಖಪುಟ ತಪ್ಪಿತೆಂದು ಸಂಪಾದಕರು ಗೊಣಗಿದರು. ಸೀಟುಗಳ ಬಗ್ಗೆ ಅವಳು ಬರೆದದ್ದು ಒಂದೇ ಸಾಲು: ನೆನಪಿನ ಶಕ್ತಿ ಅತಿಯಾಯಿತು, ಕಂಪನಿಯವರು ಗಮನಿಸಬೇಕು.

ಬೂದು ಕಾರನ್ನು ಒಯ್ಯಲು ಕಂಪನಿಯ ಡ್ರೈವರ್ ಮರುದಿನ ಬೆಳಿಗ್ಗೆ ಮನೆಗೇ ಬಂದ. ಗಿಡ್ಡಗೆ ದುಂಡಗಿದ್ದ, ಮಾತುಗಾರ. ಒಳಗೆ ಕೂತವನು ಕಾಲು ಚಾಚಿ ಚಾಚಿ ತಡಕಾಡಿದ.

"ಏನ್ರೀ ಮೇಡಂ, ಪೆಡಲೇ ಸಿಗ್ತಿಲ್ಲ ನನಗೆ! ಕೊನೇಲಿ ಓಡಿಸಿದ್ದು ಯಾರು? ನಿಮ್ಮನೇಲಿ ಇಷ್ಟು ಉದ್ದ ಇರೋರು ಯಾರು?"

ಕೊನೆಯಲ್ಲಿ ಓಡಿಸಿದ್ದು ತಕ್ಕಡಿಯೇ. ಅವಳೇ ತಂದು ನಿಲ್ಲಿಸಿ, ಕೈಯಾರೆ ಬೀಗ ಹಾಕಿದ್ದಳು. ಅತ್ತಿಗೆ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ನಮ್ಮ ಮನೆಯವ್ರು," ಎಂದಳು. "ಸೀಟು ಹಿಂದೆ ಹಾಕ್ಕೊಂಡೇ ಅಭ್ಯಾಸ ಅವರಿಗೆ."

"ಸರಿ ಬಿಡಿ, ಸಾರ್‌ಗೆ ಕಾರು ಇಷ್ಟ ಆಯ್ತಂತಾ?"

"ತುಂಬ ಇಷ್ಟ ಆಯ್ತಂತೆ."

ಡ್ರೈವರ್ ಸೀಟು ಮುಂದಕ್ಕೆಳೆದುಕೊಂಡು ಕಾರು ಶುರು ಮಾಡಿದ. ಒಳಗೆ ಟಿಣ್ ಟಿಣ್ ಎಂದಿತು. ಅವನು ತನ್ನ ಬೆಲ್ಟ್ ನೋಡಿಕೊಂಡ, ಅದು ಹಾಕಿಯೇ ಇತ್ತು. ಪಕ್ಕದ ಖಾಲಿ ಸೀಟು ನೋಡಿ, "ಇದಕ್ಕೇನು ಬಂತಪ್ಪಾ ರೋಗ," ಎಂದು ಬಗ್ಗಿ ಆ ಸೀಟಿನ ಬೆಲ್ಟನ್ನೂ ಎಳೆದು ಸಿಕ್ಕಿಸಿದ. ಸದ್ದು ನಿಂತಿತು.

ತಕ್ಕಡಿ ಕೂಗಲು ಬಾಯಿ ತೆರೆದಳು. ಕೂಗಿದರೆ ನಿಲ್ಲುತ್ತದೆ, ಅವಳಿಗೆ ಗೊತ್ತಿತ್ತು. ಅತ್ತಿಗೆಗೂ ಗೊತ್ತಿತ್ತು. ಆದರೆ ಅತ್ತಿಗೆ ಬಾಗಿಲಲ್ಲಿ ನಿಂತು, ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಆಗಲೇ ಕೈ ಎತ್ತಿ ಟಾಟಾ ಮಾಡುತ್ತಿದ್ದಳು. ತಕ್ಕಡಿ ಬಾಯಿ ಮುಚ್ಚಿಕೊಂಡು ಅವಳ ಪಕ್ಕಕ್ಕೆ ಹೋಗಿ ನಿಂತಳು. ಕಾರು ಬೀದಿಯ ಕೊನೆ ತಲುಪುವವರೆಗೂ ಇಬ್ಬರೂ ಕೈ ಬೀಸಿದರು.